ಬುಗುರಿ ಕಾಲಿನ ಕಂಬ

ಕಳೆದ ಜುಲೈಯಲ್ಲಿ ಒಂದು ರಾತ್ರಿಯಿಡೀ ಸುರಿದ ಮಳೆಗೆ ನಮ್ಮ ಸೊಸೈಟಿಯ ಹಿಂಬದಿಯ ತಂತಿಬೇಲಿ ನಾಲಾದ ಕಡೆಗೆ ಮಗುಚಿಕೊಂಡಿತು. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ಇದೇನೂ ಸುದ್ದಿಯಲ್ಲ. ಲೋಕಲ್ ಗಾಡಿ ನಿಂತರೆ ಮಾತ್ರ ಸುದ್ದಿ. ಕೊಡೆ ಹಿಡಿದು ನೋಡಲು ಹೋದರೆ ಇಪ್ಪತ್ತೊಂದು ಕಂಬಗಳಲ್ಲಿ ಒಂಬತ್ತು ಒರಗಿದ್ದವು. ಒಂದೂ ಮುರಿದಿರಲಿಲ್ಲ, ಬಗ್ಗಿರಲಿಲ್ಲ. ಹಾಲುಹಲ್ಲು ಕಿತ್ತ ಹಾಗೆ ಬುಡಸಮೇತ ಎದ್ದು ಬಂದಿದ್ದವು. ಒಂದೊಂದರ ಕಾಲಿಗೂ ಒಂದೊಂದು ಕಾಂಕ್ರೀಟಿನ ಗಡ್ಡೆ. ಮೇಲೆ ಒಂದೂವರೆ ಅಡಿ ಅಗಲ, ಕೆಳಗೆ ಬರಬರುತ್ತ ಮುಷ್ಟಿಯಷ್ಟು. ಥೇಟ್ ಬುಗುರಿ. ಒಂದು ಗಡ್ಡೆಯ ಪಕ್ಕೆಯಲ್ಲಿ ಗುಟ್ಕಾದ ಖಾಲಿ ಪೊಟ್ಟಣವೊಂದು ಅಚ್ಚೊತ್ತಿದ ಹಾಗೆ ಕೂತಿತ್ತು, ಬಣ್ಣ ಕೂಡ ಮಾಸಿರಲಿಲ್ಲ.

ಆ ಭಾನುವಾರ ಸೊಸೈಟಿಯ ಮೀಟಿಂಗಿನಲ್ಲಿ ಸಿಮೆಂಟಿನ ವಿಚಾರಣೆ ನಡೆಯಿತು. ಬೇಲಿ ಹಾಕಿದ ಕಂತ್ರಾಟುದಾರ '53 ಗ್ರೇಡ್' ಸಿಮೆಂಟಿನ ಬಿಲ್ಲು ಕೊಟ್ಟಿದ್ದ. ಕಾರ್ಯದರ್ಶಿಗೆ ಬಿಲ್ಲಿನ ಮೇಲೆ ಅನುಮಾನ, ಖಜಾಂಚಿಗೆ ಕಾರ್ಯದರ್ಶಿಯ ಮೇಲೆ. ಕಡೆಗೆ, ಈ ಸಲ ಇನ್ನೂ ಒಳ್ಳೆಯ ಸಿಮೆಂಟು ತರಿಸಬೇಕು, ಎರಡು ಚೀಲ ಜಾಸ್ತಿಯೇ ಹಾಕಬೇಕು ಎಂದು ಠರಾವಾಯಿತು.

ಬೇಲಿ ಎಬ್ಬಿಸಲು ಕೂಲಿಯವರು ನಿಲ್ಲುವ ನಾಕಾದಿಂದ ಕರೆತಂದದ್ದು ಆಳಂದ ಕಡೆಯ ಒಬ್ಬ ಗೌಂಡಿಯನ್ನು. ನಾವು ಕರಾವಳಿಯವರು ಮೇಸ್ತ್ರಿ ಅನ್ನುತ್ತೇವೆ, ಅವರೂರಿನಲ್ಲಿ ಗೌಂಡಿ, ಮರಾಠಿಯಲ್ಲೂ ಅದೇ ಮಾತು. ಕಲ್ಯಾಣ್, ಡೊಂಬಿವಲಿ, ಥಾಣೆ, ನವಿ ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಸುಮ್ಮನೆ ನಿಂತರೆ ಕಲಬುರಗಿ, ವಿಜಯಪುರ, ಯಾದಗಿರಿಯ ಕನ್ನಡ ಕಿವಿಗೆ ಬೀಳುತ್ತದೆ. ಈ ಊರುಗಳ ಎಷ್ಟೋ ಗೋಡೆಗಳನ್ನು ಕಟ್ಟಿದ್ದು ಆ ಕನ್ನಡ. ಗೌಂಡಿ ಬಿದ್ದ ಕಂಬವೊಂದನ್ನು ಕಾಲಿನಿಂದ ಉರುಳಿಸಿ ನೋಡಿದರು. "ಸಾಹೇಬ್ರ, ಸಿಮಿಟಿಗೇನೂ ಆಗಿಲ್ರಿ. ತಗ್ಗು ತಪ್ಪ್ಯಾದ. ಕಂಬ ಹಿಡಿಯೂದು ನೆಲ ಅದ, ಸಿಮಿಟಲ್ಲ" ಅಂದರು. ಠರಾವಿನ ಕಾಗದ ನನ್ನ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

ಅವರ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಲಿಯ ಮೇಲೆ ಗಾಳಿ ಬಿದ್ದಾಗ ಕಂಬದ ತಲೆ ಆ ಕಡೆ ವಾಲುತ್ತದೆ, ನೆಲದೊಳಗಿನ ಪಾದ ಈ ಕಡೆ ಜಾರಲು ನೋಡುತ್ತದೆ. ಆಗ ಹೊಂಡದ ಬಾಯಿಯ ಹತ್ತಿರದ ಮಣ್ಣು ಎದೆ ಕೊಟ್ಟು ತಡೆಯಬೇಕು, ತಳದ ಮಣ್ಣು ಎದುರು ಬದಿಯಿಂದ ಒತ್ತಿ ಹಿಡಿಯಬೇಕು. ಈ ಎರಡು ಹಿಡಿತಗಳ ನಡುವೆ ಅಂತರ ಎಷ್ಟಿದೆಯೋ ಅಷ್ಟು ಬಲ. ಆದ್ದರಿಂದಲೇ ಹೊಂಡವನ್ನು ಅಗಲ ಮಾಡಿದ್ದಕ್ಕಿಂತ ಆಳ ಮಾಡಿದ್ದಕ್ಕೆ ಫಲ ಜಾಸ್ತಿ. ಕಾಂಕ್ರೀಟಿನ ಕೆಲಸ ತೆಳ್ಳಗಿನ ಕಂಬಕ್ಕೆ ದಪ್ಪ ಕಾಲು ತೊಡಿಸಿ ಹೆಚ್ಚು ಮಣ್ಣನ್ನು ದುಡಿಮೆಗೆ ಹಚ್ಚುವುದು, ಅಷ್ಟೇ. ಕಂಬದ ಒಟ್ಟು ಉದ್ದದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೆಲದೊಳಗೆ ಇರಬೇಕೆಂಬುದು ಹಳೆಯ ಲೆಕ್ಕ. 8 ಅಡಿಯ ಕಬ್ಬಿಣದ ಆಂಗಲ್ಲಿಗೆ ಕಡಿಮೆಯೆಂದರೆ 2 ಅಡಿ. ನಮ್ಮ ಬುಗುರಿಗಳನ್ನು ಟೇಪು ಹಿಡಿದು ಅಳೆದೆ: 14 ಇಂಚು. ಮೇಲಿಂದ ನಾವು ಮಾಡಿದ ಘನಕಾರ್ಯ ಬೇರೆ. ಜಾಳಿಗೆ ಒಬ್ಬರು ಬಸಳೆ ಹಬ್ಬಿಸಿದ್ದರು, ಇನ್ನೊಬ್ಬರು ನಾಲಾ ಕಾಣಬಾರದೆಂದು ಉದ್ದಕ್ಕೂ ಹಸಿರು ಬಲೆ ಕಟ್ಟಿಸಿದ್ದರು. ಗಾಳಿ ತೂರಿ ಹೋಗಬೇಕಾದ ಬೇಲಿಯನ್ನು ಹಡಗಿನ ಹಾಯಿ ಮಾಡಿ, ಅದನ್ನು 14 ಇಂಚಿನ ಮೇಲೆ ನಿಲ್ಲಿಸಿದ್ದೆವು.

ಬುಗುರಿ ಆಕಾರದ ಪಾಪ ಮಾತ್ರ ಬೇರೆಯದು. ಹಾರೆಯಲ್ಲಿ ಹೊಂಡ ತೋಡುವಾಗ ಬಾಯಿ ಅಗಲವಾಗಿ ತಳ ಕಿರಿದಾಗುವುದು ಸಹಜ. ಕೈ ಸುಲಭವಾಗಿ ಆಡುವುದು ಮೇಲ್ಗಡೆ ತಾನೆ. ಡೊಂಬಿವಲಿ, ಕಲ್ಯಾಣ್ ಬಯಲಿನ ಬಹುಪಾಲು ಒಂದು ಕಾಲದ ಭತ್ತದ ಗದ್ದೆ. ಕೆಳಗೆ ಕಪ್ಪುಕಲ್ಲು ಕರಗಿ ಆದ ಕಪ್ಪು ಜೇಡಿ. ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಉಬ್ಬುವ ಮಣ್ಣು ಬುಗುರಿಯ ಓರೆ ಪಕ್ಕೆಗಳನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಸುತ್ತ ಸಂದು ಬಿಡುತ್ತದೆ, ಆ ಸಂದಿಗೆ ಪುಡಿಮಣ್ಣು ಉದುರಿ ಕೂರುತ್ತದೆ, ಗಡ್ಡೆ ಮತ್ತೆ ಮೊದಲಿನ ಜಾಗಕ್ಕೆ ಇಳಿಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಇನ್ನಷ್ಟು ಮೇಲೆ. ಮೂರು ನಾಲ್ಕು ವರ್ಷ ಹೀಗೆ ಅಲ್ಲಾಡಿಸಿ ಇಟ್ಟ ಹಲ್ಲನ್ನು ಒಂದು ರಾತ್ರಿಯ ಗಾಳಿ ಕಿತ್ತಿತು. ಗೌಂಡಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ. "ನಮ್ಮ ಎರಿ ಹೊಲದಾಗ ಬ್ಯಾಸಿಗಿ ಬಿರುಕಿನ್ಯಾಗ ಮೊಳಕೈ ತನಕ ಕೈ ಹೋಗ್ತದ್ರಿ" ಅಂದರು. ತೊಗರಿ ಬೆಳೆಯುವ ಆಳಂದದ ಎರೆಯೂ ಭತ್ತ ಬೆಳೆಯುತ್ತಿದ್ದ ಡೊಂಬಿವಲಿಯ ಜೇಡಿಯೂ ಒಂದೇ ಕಪ್ಪುಕಲ್ಲಿನ ಮೊಮ್ಮಕ್ಕಳು. ಕೆನಡಾದಲ್ಲಿ ಇರುವ ನೆಂಟರು ಹೇಳುವ ಪ್ರಕಾರ ಅಲ್ಲಿಯೂ ಬೇಲಿ ಕಂಬಗಳು ಮೇಲೇಳುತ್ತವೆ. ಅಲ್ಲಿ ತಳ್ಳುವುದು ಜೇಡಿಯಲ್ಲ, ನೆಲದೊಳಗೆ ಹೆಪ್ಪುಗಟ್ಟುವ ನೀರು. ಮದ್ದು ಎರಡು ಕಡೆಯೂ ಒಂದೇ. ಹೊಂಡದ ಪಕ್ಕೆ ನೆಟ್ಟಗಿರಬೇಕು, ಸಾಧ್ಯವಾದರೆ ತಳ ಬಾಯಿಗಿಂತ ನಾಲ್ಕು ಬೆರಳು ಅಗಲವಿರಬೇಕು, ಮತ್ತು ತಳ ಇಲ್ಲಿ ಬಿರುಕು, ಅಲ್ಲಿ ಹೆಪ್ಪು ಇಳಿಯುವ ಮಟ್ಟಕ್ಕಿಂತ ಕೆಳಗೆ ಹೋಗಬೇಕು.

ಹಾಗೆಂದು ನಾಲ್ಕು ಊರಿಗೂ ಒಂದೇ ಹೊಂಡ ನಡೆಯುವುದಿಲ್ಲ. ಥಾಣೆಯಲ್ಲಿ ಯೇವೂರ್ ಬೆಟ್ಟದ ಬುಡ, ಘೋಡ್‌ಬಂದರ್ ರಸ್ತೆಯ ಮೇಲ್ಬದಿಯಲ್ಲಿ ಅಗೆದರೆ ಒಂದಡಿಗೇ ಮುರುಮು, ಅಂದರೆ ಗರಸು ಸಿಗುತ್ತದೆ, ಅದರ ಕೆಳಗೆ ಬಂಡೆ. ತೋಡುವವನ ಬೆನ್ನು ಹೋಗುತ್ತದೆ, ಕಂಬ ಮಾತ್ರ ಜನ್ಮಕ್ಕೆ ಅಲ್ಲಾಡುವುದಿಲ್ಲ. ಕಲ್ಯಾಣ್, ಡೊಂಬಿವಲಿಯ ಹೊಸ ಬಡಾವಣೆಗಳಲ್ಲಿ ಜೇಡಿಯ ಮೇಲೆ ಹೊರಗಿನಿಂದ ತಂದು ತುಂಬಿದ ಭರಾವಿನ ಮಣ್ಣು. ಹಳೇ ಕಟ್ಟಡದ ಇಟ್ಟಿಗೆ, ಟೈಲ್ಸಿನ ಚೂರು, ಚಪ್ಪಲಿ ಎಲ್ಲ ಅದರಲ್ಲಿ ಬರುತ್ತದೆ. ಭರಾವು ತನ್ನಷ್ಟಕ್ಕೆ ಕೂರಲು ವರ್ಷಗಳು ಬೇಕು. ಅದನ್ನು ದಾಟಿ ಗಟ್ಟಿ ನೆಲ ಮುಟ್ಟದ ಹೊಂಡ ಹೊಂಡವೇ ಅಲ್ಲ. ಉಲ್ಹಾಸ್ ನದಿಯ ಬದಿಯವರಿಗೆ ಇನ್ನೊಂದು ಮಾತು. 2005ರ ಜುಲೈ 26ರ ನೆರೆ ಯಾರಿಗೂ ಮರೆತಿಲ್ಲ. 2019ರ ಜುಲೈ 27ರಂದು ಅದೇ ನದಿಯ ನೀರಿನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ವಾಂಗಣಿ ನಡುವೆ ಗಂಟೆಗಟ್ಟಲೆ ಸಿಕ್ಕಿಕೊಂಡಿತ್ತು. ಅಂಥಲ್ಲಿ ಸಣ್ಣ ಕಣ್ಣಿನ ಜಾಳಿ ಹಾಕಿದರೆ ನೆರೆಯಲ್ಲಿ ತೇಲಿ ಬರುವ ಕಸಕಡ್ಡಿ, ಅಂತರಗಂಗೆ ಎಲ್ಲ ಅದಕ್ಕೆ ಆತು ಬೇಲಿಯೇ ಅಣೆಕಟ್ಟಾಗುತ್ತದೆ. ಬರೀ ತಂತಿ ಸಾಲು ವಾಸಿ.

ನವಿ ಮುಂಬಯಿಯ ಕಥೆ ಉಪ್ಪಿನ ಕಥೆ. 1970ರಲ್ಲಿ ಈ ಊರು ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೋ ಹುಟ್ಟಿದ ಮೇಲೆ ಎದ್ದ ವಾಶಿ, ಐರೋಲಿ ಕಡೆಯ ಎಷ್ಟೋ ನೆಲ ಹಿಂದೆ ಉಪ್ಪಿನ ಆಗರ, ಖಾಡಿಯ, ಅಂದರೆ ಒಳಚಾಚಿದ ಸಮುದ್ರದ, ಕೆಸರು. ಖಾಡಿಗೆ ಹತ್ತಿರದ ಪ್ಲಾಟಿನಲ್ಲಿ ಎರಡಡಿ ಅಗೆಯುವಷ್ಟರಲ್ಲಿ ಹೊಂಡದ ಪಕ್ಕೆ ಕುಸಿಯುತ್ತದೆ, ಭರತದ ಹೊತ್ತಿಗೆ ತಳದಲ್ಲಿ ನೀರು ಒಸರುತ್ತದೆ. ಹಳೆಯ ಡ್ರಮ್ಮಿನ ಎರಡೂ ಬಾಯಿ ಕತ್ತರಿಸಿ ಹೊಂಡಕ್ಕೆ ಇಳಿಸಿದರೆ ಪಕ್ಕೆ ನಿಲ್ಲುತ್ತದೆ. ಇನ್ನೂ ಸುಲಭವೆಂದರೆ ಕಂಬದ ಕಾಲಿಗೆ ಮೇಲೆಯೇ ಅಚ್ಚಿನಲ್ಲಿ ಕಾಂಕ್ರೀಟು ಎರೆದು, ಅದು ಬಲಿತ ಮೇಲೆ ಇಳಿಸಿ ಸುತ್ತ ಮುರುಮು ತುಂಬಿ ಬಡಿಯುವುದು. ಕಾಂಡ್ಲಾ ಕಾಡಿಗೆ ತಾಗಿದ ಜಾಗವಾದರೆ ಹಾರೆ ಎತ್ತುವ ಮೊದಲು ಅನುಮತಿಯ ವಿಚಾರ ಕೇಳಿಕೊಳ್ಳಿ. ಎಲ್ಲ ಊರಿನಲ್ಲೂ ಗ್ಯಾಸಿನ ಕೊಳವೆ, ಕರೆಂಟಿನ ಕೇಬಲ್ಲು ಎಲ್ಲಿ ಹಾದಿದೆ ಎಂದು ಕೇಳಿಕೊಳ್ಳುವುದಂತೂ ಇದ್ದೇ ಇದೆ.

ಕಾಂಕ್ರೀಟೇ ಇಲ್ಲದ ಕಾಲದಲ್ಲಿ ಈ ಸೀಮೆಯವರು ಗಡಿ ಗುರುತಿಗೆ ಏನು ನೆಡುತ್ತಿದ್ದರು? ಥಾಣೆಯನ್ನು ಸ್ಥಾನಕವೆಂದು ಕರೆದು ಆಳಿದ ಶಿಲಾಹಾರರ ಕಾಲದ ದಾನದ ಕಲ್ಲುಗಳು ಕೊಂಕಣದಲ್ಲಿ ಇಂದಿಗೂ ಸಿಗುತ್ತವೆ. ಮೇಲೆ ಸೂರ್ಯ ಚಂದ್ರ, ಕೆಳಗೆ ದಾನ ಕಿತ್ತುಕೊಂಡವನಿಗೆ ಕತ್ತೆಯ ಬೈಗುಳದ ಚಿತ್ರ. ಹೆಸರೇ ಗಧೇಗಳ್. ಆ ಕೊನೆಯ 'ಗಳ್' ನಮ್ಮ ವೀರಗಲ್ಲಿನ ಕಲ್ಲೇ. ನೆಲದಲ್ಲಿ ಹೂತಿಟ್ಟ ಆ ಕಲ್ಲುಗಳಿಗೆ ಸಿಮೆಂಟು ಇಲ್ಲ; ತೂಕವೂ ಬೈಗುಳವೂ ಸೇರಿ ಕಾಯಬೇಕು. ಕರ್ನಾಟಕದ ಬಯಲುಸೀಮೆಯಲ್ಲಿ ಇಂದಿಗೂ ಗ್ರಾನೈಟಿಗೆ ಸಾಲಾಗಿ ಉಳಿ ಹೊಡೆದು ಸೀಳಿದ ಕಲ್ಲುಕಂಬವೇ ತೋಟದ ಬೇಲಿ. ಇಲ್ಲಿನ ಕಪ್ಪುಕಲ್ಲು ಹಾಗೆ ಉದ್ದುದ್ದ ಸೀಳಿ ಬರುವುದಿಲ್ಲ, ಒಡೆದರೆ ಜಲ್ಲಿಯಾಗುತ್ತದೆ. ಹಾಗಾಗಿ ಇಲ್ಲಿ ಕಬ್ಬಿಣದ ಆಂಗಲ್ಲು, ಇಲ್ಲವೇ ಅಚ್ಚಿನ ಸಿಮೆಂಟು ಕಂಬ.

ಈಗ ಸಿಮೆಂಟಿಗೆ ಬರೋಣ. ಚೀಲದ ಮೇಲಿನ 43, 53 ಎಂಬ ಅಂಕಿ ಅಂಗಡಿಯವರ ಮಾತಿನಲ್ಲಿ ಗುಣಮಟ್ಟದ ಮಾರ್ಕ್ಸ್ ಇದ್ದ ಹಾಗೆ ಕೇಳಿಸುತ್ತದೆ. 28 ದಿನ ನೀರುಂಡ ಗಾರೆಯ ಗಟ್ಟಿ ಎಷ್ಟು ಒತ್ತಡ ತಾಳುತ್ತದೆ ಎಂಬುದರ ಅಳತೆ ಅದು, ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು. ಇಪ್ಪತ್ತು ಮಾಳಿಗೆಯ ಕಟ್ಟಡಕ್ಕೆ 53 ಬೇಕಾಗಬಹುದು. ಬೇಲಿ ಕಂಬದ ಬುಡದಲ್ಲಿ ಆ ಬಲದ ಅರ್ಧವೂ ಖರ್ಚಾಗುವುದಿಲ್ಲ. ನಮ್ಮ ಕಡೆಗೆ ಹೊಂದುವುದು ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟು. ನಡುವಿನ 'ಪಿ' ಪೊಝೊಲಾನಾ, ಇಟಲಿಯ ಪೊಝ್ವೊಲಿ ಊರಿನ ಹೆಸರಿನಿಂದ ಬಂದದ್ದು. ಅಲ್ಲಿನ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ರೋಮನರು ಸಮುದ್ರದೊಳಗೇ ಬಂದರು ಕಟ್ಟಿದ್ದರು. ಈಗ ಜ್ವಾಲಾಮುಖಿಯ ಬದಲಿಗೆ ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿ, ಶೇ. 15ರಿಂದ 35ರವರೆಗೆ. ಇದು ಬಲಿಯುವುದು ತುಸು ನಿಧಾನ, ಬಲಿತ ಮೇಲೆ ನೀರನ್ನೂ ಉಪ್ಪನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ಖಾಡಿಯ ಬದಿಗಾದರೆ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟು ಇನ್ನೂ ಒಳ್ಳೆಯದು. ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಾಗಲಿ ಇಲ್ಲೇ ಪೇಣ್ ಹತ್ತಿರದ ಡೋಲ್ವಿಯಲ್ಲಾಗಲಿ ಕಿಟ್ಟ ಹೀಗೆ ಸಿಮೆಂಟಿಗೆ ಹೋಗುತ್ತದೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದವರಿಗೂ ಈ ಎರಡರಲ್ಲಿ ಒಂದನ್ನೇ ಹೇಳುತ್ತೇನೆ. 2020ರ ಫೆಬ್ರವರಿಯಲ್ಲಿ ಅಲ್ಲಿನ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೆನಪಿದ್ದವರು, ಅಲ್ಲಿನ ಮಣ್ಣಿನೊಳಗೆ ಏನೇನು ಇಂಗಿದೆಯೋ ಎಂದು ಯೋಚಿಸದೆ ಇರಲಾರರು. ಸಲ್ಫೇಟು ಇರುವ ನೆಲ ಬೂದಿ, ಕಿಟ್ಟ ಬೆರೆಸದ ಮಾಮೂಲಿ ಸಿಮೆಂಟನ್ನು, ಅಂದರೆ ಒಪಿಸಿಯನ್ನು, ನಿಧಾನವಾಗಿ ತಿನ್ನುತ್ತದೆ.

ಗ್ರೇಡಿಗಿಂತ ಮುಖ್ಯವಾದದ್ದು ಚೀಲದ ಮೇಲೆ ಸಣ್ಣಕ್ಷರದಲ್ಲಿರುತ್ತದೆ: ತಯಾರಾದ ವಾರ, ವರ್ಷ. ಮೂರು ತಿಂಗಳು ಕೂತ ಸಿಮೆಂಟು ಐದರಲ್ಲಿ ಒಂದು ಪಾಲು ಬಲ ಕಳೆದುಕೊಂಡಿರುತ್ತದೆ ಎಂಬುದು ಕೆಲಸದವರ ಅಂದಾಜು. ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಚೀಲದೊಳಗೆ ಕೈ ಹಾಕಿದರೆ ತಣ್ಣಗಿರಬೇಕು, ಬೆರಳಿಗೆ ಹಿಟ್ಟಿನಂತೆ ನುಣ್ಣಗೆ ಹತ್ತಬೇಕು. ಹರಳುಗಟ್ಟಿದ್ದು ಬೆರಳಲ್ಲಿ ಪುಡಿಯಾಗದಿದ್ದರೆ ಆ ಚೀಲ ಅಂಗಡಿಗೇ ವಾಪಸು. ಗೌಂಡಿ ಚೀಲವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ವಾರದ ಅಂಕಿ ನೋಡುತ್ತಿದ್ದಾರೆ ಅಂದುಕೊಂಡೆ. ಅವರು ಹುಡುಕುತ್ತಿದ್ದುದು ಕಾರ್ಖಾನೆಯ ಊರನ್ನು. ಅವರ ಜಿಲ್ಲೆಯ ವಾಡಿ, ಶಹಾಬಾದ, ಸೇಡಂ ಕಡೆಯೆಲ್ಲ ಸುಣ್ಣಕಲ್ಲಿನ ನೆಲ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿ ಇವತ್ತು ಇರುವುದು ಸಿಮೆಂಟಿನ ಕಾರ್ಖಾನೆ. ಆ ರಾಷ್ಟ್ರಕೂಟರ ಸಾಮಂತರೇ ಥಾಣೆಯ ಶಿಲಾಹಾರರು. ಗೌಂಡಿಗೆ ಇದನ್ನು ಹೇಳಿದೆ. "ಹಂಗಾರ ಮೊದಲಿಂದ ನಮ್ಮೂರವರೇ ಇಲ್ಲಿ ಕೆಲಸ ಮಾಡಿಸ್ಯಾರ ಅನ್ರಿ" ಎಂದು ನಕ್ಕರು.

ಮರಳಿನ ವಿಷಯದಲ್ಲಿ ಈ ಊರುಗಳಿಗೆ ದೊಡ್ಡ ಚರಿತ್ರೆಯೇ ಇದೆ. ಮುಂಬ್ರಾ, ಕಲ್ವಾ, ಕಲ್ಯಾಣ್ ಎಲ್ಲ ಕಡೆ ರೇತಿ ಬಂದರ್ ಎಂಬ ಜಾಗಗಳಿವೆ; ಖಾಡಿಯಿಂದ ತೆಗೆದ ರೇತಿ ದಂಡೆಗೆ ಬಂದು ಬೀಳುತ್ತಿದ್ದ ತಾಣಗಳು. ಖಾಡಿಯ ರೇತಿಯಲ್ಲಿ ಉಪ್ಪಿರುತ್ತದೆ. ಉಪ್ಪಿನ ಕ್ಲೋರೈಡು ಕಾಂಕ್ರೀಟನ್ನು ಹಾಳು ಮಾಡುವುದಕ್ಕಿಂತ ಅದರೊಳಗಿನ ಕಬ್ಬಿಣವನ್ನು ಹಾಳು ಮಾಡುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಜಾಗ ಕೇಳುತ್ತದೆ, ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯ ಆಸುಪಾಸಿನ ಹಳೆಯ ಸಿಮೆಂಟು ಕಂಬಗಳ ಮೂಲೆಯಲ್ಲಿ ಉದ್ದಕ್ಕೆ ಬಿರುಕು, ಬಿರುಕಿನಲ್ಲಿ ಕಂದು ನೀರಿನ ಕಲೆ ಕಂಡರೆ ಒಳಗಿನ ಕಬ್ಬಿಣದ ಸಳಿಯ ಸ್ಥಿತಿ ಅದು. ಈಗ ಸಾಮಾನ್ಯವಾಗಿ ಸಿಗುವುದು ಕಪ್ಪುಕಲ್ಲು ಅರೆದ ಕ್ರಷ್ ಸ್ಯಾಂಡ್. ಉಪ್ಪಿನ ಭಯ ಇಲ್ಲ, ದೂಳಿನದು ಇದೆ. ಪರೀಕ್ಷೆಗೆ ನೀರಿನ ಒಂದು ಖಾಲಿ ಬಾಟಲಿ ಸಾಕು. ಅರ್ಧ ಮರಳು, ಮುಕ್ಕಾಲಿನವರೆಗೆ ನೀರು, ಒಂದು ಚಮಚ ಉಪ್ಪು. ಚೆನ್ನಾಗಿ ಕುಲುಕಿ ಮೂರು ಗಂಟೆ ಮುಟ್ಟದೆ ಇಡಿ. ಕೆಳಗೆ ಮರಳು ಕೂತು, ಅದರ ಮೇಲೆ ಮಣ್ಣಿನ ಬೇರೆಯದೇ ಪದರ ಕಾಣುತ್ತದೆ. ನದಿ ಮರಳಾದರೆ ಆ ಪದರ ಮರಳಿನ ಎತ್ತರದಲ್ಲಿ ನೂರಕ್ಕೆ ಎಂಟನ್ನು ದಾಟಬಾರದು. ಕ್ರಷ್ ಸ್ಯಾಂಡಿಗೆ ಅದು ಕಲ್ಲಿನ ಹುಡಿಯಾದ್ದರಿಂದ ಸ್ವಲ್ಪ ರಿಯಾಯಿತಿ ಉಂಟು. ನಾನು ಇಟ್ಟ ಬಾಟಲಿಯನ್ನು ಮನೆಯವರು ಕೊಳಕು ನೀರೆಂದು ಸಿಂಕಿಗೆ ಸುರಿದರು. ಎರಡನೆಯ ಸಲ ಚೀಟಿ ಅಂಟಿಸಿ ಇಟ್ಟೆ.

ಮಿಶ್ರಣದ ಪಾಠ ಚಿಕ್ಕದು. 1:2:4 ಅಂದರೆ ಸಿಮೆಂಟು ಒಂದು, ಮರಳು ಎರಡು, ಜಲ್ಲಿ ನಾಲ್ಕು. ಒಳನಾಡಿನ ಬೇಲಿಗೆ ಇದು ಧಾರಾಳ ಸಾಕು. ಖಾಡಿಯ ಬದಿಗೆ, ಗೇಟಿನ ಕಂಬಕ್ಕೆ 1:1½:3. ಜಲ್ಲಿ ಮುಕ್ಕಾಲು ಇಂಚಿಗಿಂತ ದಪ್ಪ ಬೇಡ. 50 ಕಿಲೋ ಚೀಲದ ಸಿಮೆಂಟು ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ; ನಿಮ್ಮ ಘಮೇಲಾದಲ್ಲಿ, ಅಂದರೆ ಬಾಂಡ್ಲಿಯಲ್ಲಿ, ಅದು ಎಷ್ಟು ಸಲ ತುಂಬುತ್ತದೆ ಎಂದು ಒಮ್ಮೆ ಎಣಿಸಿಟ್ಟುಕೊಂಡರೆ ಉಳಿದದ್ದು ಬಾಯಿಲೆಕ್ಕ. ಒದ್ದೆ ಮರಳು ಉಬ್ಬಿಕೊಂಡು ಕಾಲು ಪಾಲಿನವರೆಗೂ ಮೋಸ ಮಾಡುತ್ತದೆ, ಅದಕ್ಕೆ ಒಂದಿಷ್ಟು ಜಾಸ್ತಿ ಹಾಕಬೇಕು.

ಜಗಳ ಹತ್ತುವುದು ನೀರಿನಲ್ಲಿ. ನೀರು ಜಾಸ್ತಿಯಾದರೆ ಕಲಸುವವನಿಗೆ ಆರಾಮ, ಸನಿಕೆ ತಾನಾಗಿ ಓಡುತ್ತದೆ. ಆದರೆ ಸಿಮೆಂಟು ಕುಡಿದು ಮಿಕ್ಕ ನೀರು ಆರಿದ ಮೇಲೆ ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ 1:2:4ರ ದರ್ಜೆಗೆ ಚೀಲಕ್ಕೆ 32 ಲೀಟರ್, 1:1½:3ರ ದರ್ಜೆಗೆ 30 ಲೀಟರ್ ಮೇಲಿನ ಮಿತಿ, ಮರಳಿನಲ್ಲಿ ಮೊದಲೇ ಇದ್ದ ತೇವವೂ ಸೇರಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹಾಲು ಸುರಿಯಬಾರದು. ನೀರು ಕುಡಿಯುವ ನಲ್ಲಿಯದೇ ಆಗಲಿ. ಖಾಡಿಯ ಹತ್ತಿರದ ಬೋರಿಂಗಿನ ನೀರು ಬೇಡ. ಗೌಂಡಿಯವರ ಜತೆಯ ಹುಡುಗ ನಾನು ಆ ಕಡೆ ತಿರುಗಿದಾಗ ಅರ್ಧ ಬಕೆಟ್ ಹೆಚ್ಚಿಗೆ ಸುರಿದದ್ದನ್ನು ನೋಡಿದೆ. ಗೌಂಡಿಯೂ ನೋಡಿದರು. ಒಂದು ಘಮೇಲಾ ಒಣ ಮಿಶ್ರಣ ಮೇಲೆ ಬಿತ್ತು, ಮಾತು ಬರಲಿಲ್ಲ.

ಈ ನಡುವೆ ಮೂರನೇ ಮಾಳಿಗೆಯ ಹುಡುಗನೊಬ್ಬ ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ತೋರಿಸಿದ: "ಅಂಕಲ್, ನೋಡಿ, ಅವರು ಕಲಸುವುದೇ ಇಲ್ಲ." ಹೊಂಡಕ್ಕೆ ಒಣ ಪುಡಿಯ ಚೀಲ ಸುರಿದು ಮೇಲೆ ನೀರು ಹೊಯ್ದರೆ ಅರ್ಧ ಗಂಟೆಯಲ್ಲಿ ಕಂಬ ಗಟ್ಟಿ. ನಿಜವೇ. ಆ ಚೀಲದಲ್ಲಿ ಮರಳು, ಜಲ್ಲಿ ಮೊದಲೇ ಬೆರೆತಿರುತ್ತದೆ, ಸಿಮೆಂಟು ಬೇಗ ಬಿಗಿಯುವ ಜಾತಿಯದು. ನಮ್ಮ ಮಾಮೂಲಿ ಸಿಮೆಂಟಿನಲ್ಲಿ ಆ ಆಟ ಆಡಿದರೆ ಮೇಲೆ ನಾಲ್ಕು ಇಂಚು ಗಂಜಿ, ಕೆಳಗೆ ಒಣ ಹಿಟ್ಟು. ರೆಡಿಮಿಕ್ಸ್ ತರಿಸೋಣವೆಂದು ಇನ್ನೊಬ್ಬರು. ಆರು ಘನ ಮೀಟರಿನ ಒಂದು ಲಾರಿ ಬಂದರೆ ನೂರಕ್ಕೂ ಹೆಚ್ಚು ಹೊಂಡ ತೋಡಿಟ್ಟಿರಬೇಕು.

ಲೆಕ್ಕ ಹೀಗೆ ನೋಡಿ. 30 ಸೆಂಟಿಮೀಟರ್ ಚೌಕ, 60 ಸೆಂಟಿಮೀಟರ್ ಆಳದ ಹೊಂಡಕ್ಕೆ ಹಿಡಿಯುವ ಕಾಂಕ್ರೀಟು 0.054 ಘನ ಮೀಟರ್, ತೂಕದಲ್ಲಿ 130 ಕಿಲೋ ಹತ್ತಿರ. 1:2:4ರಲ್ಲಿ ಘನ ಮೀಟರಿಗೆ ಸುಮಾರು ಆರೂಕಾಲು ಚೀಲ ಸಿಮೆಂಟು ಬೇಕು, ಅಂದರೆ ಒಂದು ಚೀಲದಲ್ಲಿ ಮೂರು ಕಂಬ. ಎರಡೂವರೆ ಮೀಟರಿಗೊಂದರಂತೆ ನಮ್ಮ 50 ಮೀಟರ್ ಬೇಲಿಯ ಇಪ್ಪತ್ತೊಂದೂ ಕಂಬಕ್ಕೆ ಏಳು ಚೀಲ, ಗಟ್ಟಿ ಮಿಶ್ರಣವಾದರೆ ಒಂಬತ್ತು. ಇಡೀ ಮೀಟಿಂಗು ನಡೆದದ್ದು ಈ ಎರಡು ಚೀಲದ ಅಂತರದ ಮೇಲೆ. ಆಳದ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ಅದು ಬಿಲ್ಲಿನಲ್ಲಿ ಬರುವುದಿಲ್ಲವಲ್ಲ.

ಅಸಲಿಗೆ ಎಲ್ಲ ಕಂಬಕ್ಕೂ ಕಾಂಕ್ರೀಟು ಬೇಕೇ ಎಂಬ ಪ್ರಶ್ನೆಯೂ ಇದೆ. ತಂತಿಯ ಎಳೆತ ಬೀಳುವುದು ಮೂಲೆಯ ಕಂಬ, ಕೊನೆಯ ಕಂಬ, ಗೇಟಿನ ಕಂಬದ ಮೇಲೆ. ನಡುವಿನವು ತಂತಿಯನ್ನು ಎತ್ತರದಲ್ಲಿ ಹಿಡಿದು ನಿಂತರೆ ಸಾಕು. ಮುರುಮಿನ ನೆಲದಲ್ಲಿ ನಡುವಿನ ಕಂಬಗಳಿಗೆ ಕಲ್ಲುಚೂರು, ಮುರುಮು ಆರಾರು ಇಂಚು ಹಾಕಿ ಹಾರೆಯ ತಲೆಯಿಂದ ಬಡಿದು ಕೂರಿಸಿದರೆ ಕಾಂಕ್ರೀಟಿನ ಹಂಗೇ ಇಲ್ಲ. ಸರಕಾರಿ ಬೇಲಿಗಳಿಗೆ ಕೇಂದ್ರ ಲೋಕೋಪಯೋಗಿ ಇಲಾಖೆ ಮಾಡಿದ ನಿಯಮದಲ್ಲಿ ಪ್ರತಿ ಹದಿನೈದನೇ ಕಂಬಕ್ಕೆ, ಮೂಲೆಯ ಕಂಬಕ್ಕೆ, ಕೊನೆಯದಕ್ಕಿಂತ ಒಂದು ಹಿಂದಿನದಕ್ಕೆ ಎರಡೂ ಬದಿ ಓರೆಯಾದ ಊರುಗಂಬ, ಕೊನೆಯದಕ್ಕೆ ಒಂದು ಬದಿ. ರೈಲಿನ ಕಿಟಕಿಯಿಂದ ನೋಡುತ್ತ ಹೋಗಿ, ಊರುಗಂಬ ಇಲ್ಲದ ಮೂಲೆಗಳು ಒಳಕ್ಕೆ ವಾಲಿರುತ್ತವೆ.

ಕಬ್ಬಿಣದ ಕಂಬ ಸಾಯುವುದು ನೆಲದೊಳಗಲ್ಲ, ಕತ್ತಿನಲ್ಲಿ. ಕಾಂಕ್ರೀಟಿನ ಒಳಗಿನ ಭಾಗವನ್ನು ಅದರ ಕ್ಷಾರವೇ ಕಾಯುತ್ತದೆ. ಕಾಂಕ್ರೀಟು ಮುಗಿದು ಗಾಳಿ ಶುರುವಾಗುವ ಆ ಒಂದು ಇಂಚಿನಲ್ಲಿ ನೀರು ನಿಂತು ತುಕ್ಕು ಕೊರೆಯುತ್ತದೆ. ನಮ್ಮ ಹಳೆಯ ಬೇಲಿಯ ಕಾಂಕ್ರೀಟು ನೆಲಮಟ್ಟಕ್ಕಿಂತ ತಗ್ಗಿನಲ್ಲಿ ತಟ್ಟೆಯ ಹಾಗಿತ್ತು, ಪ್ರತಿ ಕಂಬಕ್ಕೂ ಒಂದೊಂದು ಪುಟ್ಟ ಕೆರೆ. ಈ ಸಲ ಗೌಂಡಿ ನೆಲಕ್ಕಿಂತ ಮೂರು ಬೆರಳು ಎತ್ತರಕ್ಕೆ ತಂದು, ತಾಪಿಯಲ್ಲಿ ನಾಲ್ಕೂ ಕಡೆ ಇಳಿಜಾರು ಎಳೆದರು. ಹೊಂಡಕ್ಕೆ ಇಳಿಸುವ ಮೊದಲೇ ಆಂಗಲ್ಲಿನ ತುದಿ ಸೀಳಿ ಮೀನಿನ ಬಾಲದ ಹಾಗೆ ಎರಡು ಕಡೆ ಬಗ್ಗಿಸಿದ್ದರು, ತಳದಲ್ಲಿ ಎರಡು ಇಂಚು ಕಾಂಕ್ರೀಟು ಹಾಸಿ ಅದರ ಮೇಲೆ ಊರಿದ್ದರು. ಬಾಲ ನೇರ ಮಣ್ಣಿಗೆ ತಾಗಿದರೆ ತೇವ ಅಲ್ಲಿಂದಲೇ ಹತ್ತುತ್ತದೆ. ಕತ್ತಿಗೆ ಕೆಂಪು ರೆಡಾಕ್ಸೈಡು, ಅದರ ಮೇಲೆ ಕಪ್ಪು ಡಾಂಬರು ಬಣ್ಣ. ನವಿ ಮುಂಬಯಿಯವರು ಇಷ್ಟಕ್ಕೆ ತೃಪ್ತಿಪಡದೆ ಸತುವು ಲೇಪಿಸಿದ ಕೊಳವೆಯನ್ನೇ ತರಿಸುವುದು ಮೇಲು.

ಹೊಸ ಹೊಂಡಗಳನ್ನು ನಾವು ತೋಡಿದ್ದು ದೀಪಾವಳಿ ಕಳೆದು, ಜೇಡಿ ಗಟ್ಟಿಯಾದ ಮೇಲೆ. ಅಲ್ಲಿಯವರೆಗೆ ಬೊಂಬಿಗೆ ಹಗ್ಗ ಕಟ್ಟಿ ಸಂಭಾಳಿಸಿದೆವು. ಮಳೆಗಾಲದಲ್ಲಿ ತುಂಬಿದ ಹೊಂಡದಿಂದ ನೀರು ಎತ್ತುವುದರೊಳಗೆ ಅಷ್ಟೇ ನೀರು ಬಂದಿರುತ್ತದೆ, ಅದಕ್ಕೆ ಕಾಂಕ್ರೀಟು ಸುರಿದರೆ ಸಿಮೆಂಟು ತೊಳೆದು ಹೋಗಿ ಜಲ್ಲಿ ಉಳಿಯುತ್ತದೆ. ಎರೆದ ಕಾಂಕ್ರೀಟನ್ನು ಸಳಿಯಿಂದ ಚುಚ್ಚಿ ಚುಚ್ಚಿ ಗಾಳಿ ಬಿಡಿಸಿದರು, ದಾರ ಹಿಡಿದು ಸಾಲು ನೋಡಿದರು, ತೂಗುಗುಂಡು ಬಿಟ್ಟು ನಿಲುವು ನೋಡಿದರು, ಎರಡೆರಡು ಬೊಂಬು ಆತುಕೊಟ್ಟು ಹೋದರು. ಮರುದಿನದಿಂದ ಗೋಣಿತಾಟು ಹೊದೆಸಿ ನೀರು ಹಾಕುವ ಕೆಲಸ ವಾಚ್‌ಮನ್ನಿಗೆ. ಒಪಿಸಿಗಾದರೆ ಏಳು ದಿನ, ಪಿಪಿಸಿಗೆ ಹತ್ತು ದಿನ ಕಡಿಮೆಯಿಲ್ಲ. ನಾಲ್ಕನೇ ದಿನವೇ ಕಾರ್ಯದರ್ಶಿ ತಂತಿ ಎಳೆಯುವವರನ್ನು ಕರೆಸಿದ್ದರು. ಏಳು ದಿನಕ್ಕೆ ಕಾಂಕ್ರೀಟು ತನ್ನ ಬಲದಲ್ಲಿ ಮೂರನೇ ಎರಡರಷ್ಟನ್ನು ಗಳಿಸಿರುತ್ತದೆ, ಪಿಪಿಸಿ ಅದಕ್ಕೂ ನಿಧಾನಿ ಎಂದು ವಾದಿಸಿ ಅವರನ್ನು ಹಿಂದೆ ಕಳಿಸಬೇಕಾಯಿತು. ಹಸಿರು ಬಲೆ ತೆಗೆಸಿದ್ದಕ್ಕೆ ಒಬ್ಬರು ಇನ್ನೂ ನನ್ನ ಜತೆ ಮಾತಾಡುತ್ತಿಲ್ಲ. ಬಸಳೆಗೆ ಬೇರೆ ಚಪ್ಪರ ಆಗಿದೆ.

ಹಳೆಯ ಒಂಬತ್ತು ಬುಗುರಿಗಳನ್ನು ಏನು ಮಾಡುವುದೆಂದು ತಿಳಿಯದೆ, ಆಂಗಲ್ಲು ಕತ್ತರಿಸಿ ಗೇಟಿನ ಬಳಿ ಸಾಲಾಗಿ ಬೋರಲು ಇಟ್ಟೆವು, ಅಗಲದ ಬಾಯಿ ಕೆಳಗೆ. ಈಗ ಯಾರೂ ಅಲ್ಲಿ ಸ್ಕೂಟರು ನಿಲ್ಲಿಸುವುದಿಲ್ಲ. ಗೌಂಡಿ ಮೊನ್ನೆ ಬೇರೆ ಕೆಲಸಕ್ಕೆ ಬಂದವರು ಅದರಲ್ಲಿ ಒಂದನ್ನು ಕಾಲಿನಿಂದ ಒದ್ದು ನೋಡಿದರು, ಅಲ್ಲಾಡಲಿಲ್ಲ. "ಈಗ ಸರಿ ಕುಂತಾದ್ರಿ" ಅಂದರು. ಗುಟ್ಕಾದ ಪೊಟ್ಟಣ ಇನ್ನೂ ಹಾಗೇ ಇದೆ.